ಚೀಟಿ ಬರೆದಿಟ್ಟು ಬದುಕಿದ ಕ್ಯಾವೆಂಡಿಶ್

ಬಿಇ ಮೊದಲ ವರ್ಷದ ಭೌತಶಾಸ್ತ್ರ ಲ್ಯಾಬ್‌ನಲ್ಲಿ ನಮಗೆ ಟಾರ್ಷನಲ್ ಪೆಂಡುಲಂ ಪ್ರಯೋಗ ಇತ್ತು. ತಂತಿಗೆ ತೂಗುಬಿಟ್ಟ ಲೋಹದ ತಟ್ಟೆ ಆ ಕಡೆ ಈ ಕಡೆ ತಿರುಗುವುದನ್ನು ಎಣಿಸುತ್ತಾ ಕೂರುವುದೆಂದರೆ ನನಗೆ ಬಹಳ ಇಷ್ಟ. ರೀಡಿಂಗ್ ಎಲ್ಲ ಸರಿಯಾಗಿಯೇ ಬಂದಿತ್ತು. ಆದರೆ ವೈವಾದಲ್ಲಿ ಎದುರು ಕೂತವರ ಮುಖ ನೋಡಲಾಗದೆ, ಗೊತ್ತಿದ್ದ ಉತ್ತರವನ್ನೂ ಹೇಳದೆ ಎದ್ದು ಬಂದೆ. ಅವರಿಗೆ ಅದು ಸೊಕ್ಕಿನಂತೆ ಕಂಡಿತು. ಕಳೆದ ವರ್ಷ ವೈದ್ಯರು ನನಗೆ ಆಟಿಸಂ ಇದೆ ಎಂದು ಹೇಳಿದ ಮೇಲೆ ಆ ದಿನ ಏನಾಗಿತ್ತೆಂದು ಅರ್ಥವಾಯಿತು. ಆಗಲೇ ಹೆನ್ರಿ ಕ್ಯಾವೆಂಡಿಶ್ ಅವರ ಜೀವನವನ್ನು ಓದತೊಡಗಿದೆ. ನಾನು ಲ್ಯಾಬ್‌ನಲ್ಲಿ ನೋಡಿದ ಅದೇ ತಂತಿಯ ತಿರುಚುವಿಕೆಯಿಂದ ಭೂಮಿಯನ್ನು ತೂಗಿದವರು ಅವರು.

ಕ್ಯಾವೆಂಡಿಶ್ ಹುಟ್ಟಿದ್ದು 1731ರಲ್ಲಿ, ಇಂಗ್ಲೆಂಡಿನ ದೊಡ್ಡ ಶ್ರೀಮಂತ ಮನೆತನದಲ್ಲಿ. ಸುಮಾರು ಎರಡು ವರ್ಷದವರಿದ್ದಾಗ ತಾಯಿ ತೀರಿಕೊಂಡರು. ಕೇಂಬ್ರಿಡ್ಜ್‌ನಲ್ಲಿ ಓದಿದರೂ 1753ರಲ್ಲಿ ಪದವಿ ಪಡೆಯದೆಯೇ ಹೊರಬಂದರು. ವಿಜ್ಞಾನಾಸಕ್ತರಾಗಿದ್ದ ತಂದೆ ಅವರನ್ನು ಲಂಡನ್ನಿನ ರಾಯಲ್ ಸೊಸೈಟಿಯ ಸಭೆಗಳಿಗೆ ಕರೆದೊಯ್ದರು. 1760ರಲ್ಲಿ ಅವರೂ ಅಲ್ಲಿನ ಸದಸ್ಯರಾದರು. ಇಂದು ನಾವು ಹೈಡ್ರೋಜನ್ ಎನ್ನುವ ಅನಿಲ ಒಂದು ಬೇರೆಯೇ ಅನಿಲ ಎಂದು 1766ರಲ್ಲಿ ತೋರಿಸಿಕೊಟ್ಟರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಸಾಧನೆಗಳಿಗಿಂತ ಹೆಚ್ಚಾಗಿ ಅವರ ದಿನಚರಿ. ಫ್ಯಾಷನ್ ಬದಲಾದರೂ ಅವರ ಹಳೆಯ ಕಾಲದ, ಮಾಸಿದ ನೇರಳೆ ಬಣ್ಣದ ಕೋಟು ಬದಲಾಗಲಿಲ್ಲ. ಊಟಕ್ಕೆ ಏನು ಬೇಕೆಂದು ಮನೆ ನೋಡಿಕೊಳ್ಳುವ ಹೆಂಗಸಿಗೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಚೀಟಿ ಬರೆದು ಮೇಜಿನ ಮೇಲೆ ಇಡುತ್ತಿದ್ದರು. ಮೆಟ್ಟಿಲ ಮೇಲೆ ಕೆಲಸದವರು ಎದುರಾಗಬಾರದೆಂದು ಮನೆಯ ಹಿಂಬದಿಯಲ್ಲಿ ಇನ್ನೊಂದು ಮೆಟ್ಟಿಲು ಕಟ್ಟಿಸಿದರಂತೆ. ವಿಜ್ಞಾನಿಗಳು ಸೇರುವ ಮನೆಗೆ ಹೋದರೆ, ಒಳಗೆ ಕಾಲಿಡುವ ಧೈರ್ಯ ಸಾಲದೆ ಬಾಗಿಲ ಹೊರಗೆ ನಿಂತಿರುತ್ತಿದ್ದರು. ಹಿಂದಿನಿಂದ ಇನ್ಯಾರೋ ಮೆಟ್ಟಿಲು ಹತ್ತಿ ಬಂದಾಗ ಬೇರೆ ದಾರಿಯಿಲ್ಲದೆ ಒಳಗೆ ಹೋಗುತ್ತಿದ್ದರು. ಕ್ಲಾಸ್ ಶುರುವಾದ ಮೇಲೆ ಬಾಗಿಲಲ್ಲಿ ನಿಂತ ನನಗೆ ಆ ಸ್ಥಿತಿ ಚೆನ್ನಾಗಿ ಗೊತ್ತು.

ಹಾಗೆಂದು ಅವರು ಜನರನ್ನು ದ್ವೇಷಿಸುತ್ತಿರಲಿಲ್ಲ. ರಾಯಲ್ ಸೊಸೈಟಿ ಕ್ಲಬ್ಬಿನ ವಾರದ ಊಟವನ್ನು ಅವರು ತಪ್ಪಿಸುತ್ತಿದ್ದುದೇ ಅಪರೂಪ. ಅವರ ಜೊತೆ ಹೇಗೆ ಮಾತಾಡಬೇಕೆಂದು ಗೆಳೆಯರೂ ಕಲಿತುಕೊಂಡಿದ್ದರು: ಅವರ ಕಡೆ ನೋಡಬಾರದು, ಗಾಳಿಗೆ ಹೇಳಿದಂತೆ ಮಾತಾಡಬೇಕು. ವಿಷಯ ಆಸಕ್ತಿ ಹುಟ್ಟಿಸಿದರೆ ಉತ್ತರ ಬಂದೇ ಬರುತ್ತಿತ್ತು.

1797ರಲ್ಲಿ, ಅರವತ್ತೈದು ದಾಟಿದ ಮೇಲೆ, ಅವರು ತಮ್ಮ ಅತಿ ದೊಡ್ಡ ಪ್ರಯೋಗ ಶುರು ಮಾಡಿದರು. ಸಾಧನವನ್ನು ಮೊದಲು ಯೋಚಿಸಿ ಕಟ್ಟಿದ್ದು ಜಾನ್ ಮಿಷೆಲ್. ಪ್ರಯೋಗಕ್ಕೆ ಮೊದಲೇ ಅವರು ತೀರಿಕೊಂಡಿದ್ದರು. ಆರು ಅಡಿಯ ಮರದ ತೊಲೆಯ ಎರಡು ತುದಿಗೆ ಸಣ್ಣ ಸೀಸದ ಗುಂಡುಗಳು. ಪಕ್ಕದಲ್ಲಿ ತಲಾ ಸುಮಾರು 158 ಕಿಲೋ ತೂಕದ ಎರಡು ದೊಡ್ಡ ಗುಂಡುಗಳು. ಅವುಗಳ ಸೆಳೆತಕ್ಕೆ ತಂತಿ ಎಷ್ಟು ತಿರುಚುತ್ತದೆಂದು ಅಳೆಯಬೇಕಿತ್ತು. ಮೈಯ ಶಾಖದಿಂದ ಏಳುವ ಗಾಳಿಯೂ ಲೆಕ್ಕ ಕೆಡಿಸಬಹುದೆಂದು ಅವರು ಕೋಣೆಯ ಹೊರಗೆ ಕೂತು ದೂರದರ್ಶಕದಲ್ಲಿ ನೋಡಿದರು. ಭೂಮಿಯ ಸರಾಸರಿ ಸಾಂದ್ರತೆ ನೀರಿನ 5.48 ಪಟ್ಟು ಎಂದು 1798ರಲ್ಲಿ ಪ್ರಕಟಿಸಿದರು. ಇಂದಿನ ಲೆಕ್ಕ ಸುಮಾರು 5.51.

ಆದರೆ ಮೌನಕ್ಕೆ ಬೆಲೆಯೂ ತೆರಬೇಕಾಯಿತು. ವಿದ್ಯುತ್ತನ್ನು ಅಳೆಯುವ ಸಾಧನವಿಲ್ಲದ ಕಾಲದಲ್ಲಿ ತಮ್ಮ ಮೈಗೇ ಶಾಕ್ ಕೊಟ್ಟುಕೊಂಡು ಅದರ ಬಲವನ್ನು ಹೋಲಿಸಿ ನೋಡಿದವರು ಅವರು. ಓಮ್ ನಿಯಮ ಪ್ರಕಟವಾದದ್ದು 1827ರಲ್ಲಿ. ಅದರ ಸಾರವನ್ನು ಕ್ಯಾವೆಂಡಿಶ್ ಅದಕ್ಕಿಂತ ನಲವತ್ತಕ್ಕೂ ಹೆಚ್ಚು ವರ್ಷ ಮೊದಲೇ ಕಂಡುಕೊಂಡು, ಯಾರಿಗೂ ಹೇಳದೆ ಬಿಟ್ಟಿದ್ದರು. 1810ರಲ್ಲಿ ಅವರು ತೀರಿಕೊಂಡರು. ಆ ಹಸ್ತಪ್ರತಿಗಳನ್ನು ಮ್ಯಾಕ್ಸ್‌ವೆಲ್ ಸಂಪಾದಿಸಿ ಹೊರತಂದದ್ದು 1879ರಲ್ಲಿ.

ಆಗ ಆಟಿಸಂ ಎಂಬ ಹೆಸರೇ ಇರಲಿಲ್ಲ. ಅವರಲ್ಲಿ ಆಸ್ಪರ್ಜರ್ ಲಕ್ಷಣಗಳು ಬಲವಾಗಿ ಕಾಣುತ್ತವೆ ಎಂದು ನರವೈದ್ಯ ಆಲಿವರ್ ಸ್ಯಾಕ್ಸ್ 2001ರಲ್ಲಿ ಬರೆದರು. ಸತ್ತವರಿಗೆ ಸರ್ಟಿಫಿಕೇಟ್ ಕೊಡಲಾಗದು, ನಿಜ. ನನಗೆ ಅದು ಬೇಕಾಗಿಯೂ ಇಲ್ಲ. ಆಟಿಸಂ ಇದ್ದವರೆಲ್ಲ ಮೇಧಾವಿಗಳು ಎಂಬ ಮಾತನ್ನೂ ನಾನು ನಂಬುವುದಿಲ್ಲ. ನನಗೇ ಒಂದು ಬ್ಯಾಕ್‌ಲಾಗ್ ಇದೆ. ನನಗೆ ಕಂಡದ್ದು ಇಷ್ಟು: ಅವರು ಹೇಗಿದ್ದರೋ ಹಾಗೆಯೇ ಕೆಲಸ ಮಾಡಲು ಬೇಕಾದ ವ್ಯವಸ್ಥೆ ಅವರಿಗಿತ್ತು. ಅರ್ಧವನ್ನು ಹಣದಿಂದ ಕಟ್ಟಿಸಿಕೊಂಡರು. ಇನ್ನರ್ಧವನ್ನು ಗೆಳೆಯರು ಪುಕ್ಕಟೆ ಕೊಟ್ಟರು.

ನನ್ನ ಬಳಿ ಹಿಂಬದಿಯ ಮೆಟ್ಟಿಲು ಕಟ್ಟಿಸುವಷ್ಟು ದುಡ್ಡಿಲ್ಲ. ಅಪ್ಪ ಸಾಲ ಮಾಡಿ ಓದಿಸುತ್ತಿದ್ದಾರೆ, ನನಗೆ ಕೆಲಸ ಬೇಕೇ ಬೇಕು. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ; ಅರ್ಹರಿಗೆ ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿಯೂ ಇದೆ. ಇದು ನನಗೆ ಗೊತ್ತಾದದ್ದೇ ಈಚೆಗೆ. ನಿಮ್ಮಲ್ಲಿ ಯಾರಿಗಾದರೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ನನ್ನ ರೂಮ್‌ಮೇಟ್ ಈಗ ನನ್ನ ಜೊತೆ ಮಾತಾಡುವಾಗ ಎದುರಿಗೆ ಕೂರುವುದಿಲ್ಲ, ಪಕ್ಕದಲ್ಲಿ ಕೂರುತ್ತಾನೆ. ಮುಂದಿನ ತಿಂಗಳು ನಮ್ಮಲ್ಲಿ ಅಣಕು ಸಂದರ್ಶನ ಇದೆ. ಹಾಳೆಯ ಮೇಲೆ ಬರೆದುಕೊಂಡು, ಅದನ್ನೇ ನೋಡುತ್ತಾ ಉತ್ತರ ಹೇಳಲು ಬಿಡಿ ಎಂದು ಕೇಳಿ ನಾನೂ ಒಂದು ಚೀಟಿ ಬರೆದು ಮೇಡಂ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಆದರೆ ಈ ಸಲ ಸುಮ್ಮನೆ ಎದ್ದು ಬರಲಿಲ್ಲ, ಕೇಳಿದ್ದೇನೆ.