ಕಾನ್‌ಸ್ಟಂಟೈನ್: ಅಂತರ್ಯುದ್ಧ ಗೆದ್ದ ಚಕ್ರವರ್ತಿ

ಪ್ರತಿ ವರ್ಷ ನವೆಂಬರ್ 9ರಂದು ನಾವು ರೋಮ್‌ನ ಲ್ಯಾಟರನ್ ಮಹಾದೇವಾಲಯದ ಪ್ರತಿಷ್ಠೆಯ ಹಬ್ಬವನ್ನು ಆಚರಿಸುತ್ತೇವೆ. ಜಗದ್ಗುರುಗಳ ಪ್ರಧಾನಾಲಯವಾದ ಆ ದೇವಾಲಯ ನಿಂತಿರುವುದು ಅಂತರ್ಯುದ್ಧವೊಂದರಲ್ಲಿ ಸೋತವರ ಅಶ್ವದಳದ ಪಾಳೆಯವಿದ್ದ ಜಾಗದಲ್ಲಿ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಿಕ್ಕಿಲ್ಲ. ಪಾಳೆಯವನ್ನು ಕೆಡವಿಸಿ ದೇವಾಲಯ ಕಟ್ಟಿಸಿದವನು ಚಕ್ರವರ್ತಿ ಕಾನ್‌ಸ್ಟಂಟೈನ್.

ಸುಮಾರು 272ರಲ್ಲಿ ಇಂದಿನ ಸರ್ಬಿಯಾದ ನಿಶ್ ಪಟ್ಟಣದಲ್ಲಿ ಅವನ ಜನನ. ತಂದೆ ಸೇನಾಧಿಕಾರಿ ಕಾನ್‌ಸ್ಟಾಂಟಿಯಸ್; ತಾಯಿ ಬಡ ಮನೆತನದ ಸಂತ ಹೆಲೆನಾ. 306ರಲ್ಲಿ ಬ್ರಿಟನ್ನಿನ ಯಾರ್ಕ್‌ನಲ್ಲಿ ತಂದೆ ತೀರಿಕೊಂಡಾಗ ಸೈನಿಕರು ಮಗನನ್ನೇ ಚಕ್ರವರ್ತಿಯೆಂದು ಸಾರಿದರು. ಅದೇ ವರ್ಷ ಮ್ಯಾಕ್ಸೆಂಟಿಯಸ್ ರೋಮ್ ನಗರವನ್ನು ವಶಪಡಿಸಿಕೊಂಡ. ಇವನನ್ನು ಕ್ರೈಸ್ತರ ಹಿಂಸಕನೆಂದು ಬಣ್ಣಿಸುವುದುಂಟು. ಅದು ನ್ಯಾಯವಲ್ಲ, ರೋಮ್‌ನ ಧರ್ಮಸಭೆಗೆ ಅದರ ಆಸ್ತಿಯನ್ನು ಹಿಂದಿರುಗಿಸಿದವನೇ ಅವನು. ಯುದ್ಧ ನಡೆದದ್ದು ಸಿಂಹಾಸನಕ್ಕಾಗಿ. ಮೇಲಾಗಿ ಅವನ ತಂಗಿ ಫೌಸ್ಟಾ ಕಾನ್‌ಸ್ಟಂಟೈನನ ಪತ್ನಿ!

312ರಲ್ಲಿ ಕಾನ್‌ಸ್ಟಂಟೈನ್ ಆಲ್ಪ್ಸ್ ದಾಟಿ ಇಟಲಿಗೆ ಇಳಿದ. ಮೊದಲು ಸಿಕ್ಕಿದ ಸೂಸಾ ಪಟ್ಟಣದ ಬಾಗಿಲಿಗೆ ಬೆಂಕಿ ಹಚ್ಚಿಸಿದರೂ ಒಳಹೊಕ್ಕ ಮೇಲೆ ಲೂಟಿಗೆ ಅವಕಾಶ ಕೊಡದೆ ಬೆಂಕಿ ಆರಿಸಿದ. ಇದರ ಫಲ ಬೇಗನೆ ಸಿಕ್ಕಿತು. ಟ್ಯೂರಿನ್ ಬಳಿ ಸೋತು ಓಡಿಬಂದ ಮ್ಯಾಕ್ಸೆಂಟಿಯಸನ ಕವಚಧಾರಿ ಸವಾರರಿಗೆ ಊರಿನವರು ಬಾಗಿಲನ್ನೇ ತೆರೆಯಲಿಲ್ಲ. ವೆರೋನಾದಲ್ಲಿ ಮಾತ್ರ ಕಠಿಣ ಕಾಳಗವಾಯಿತು. ಅದು ಬಿದ್ದ ಮೇಲೆ ರೋಮ್‌ನ ದಾರಿ ತೆರೆಯಿತು.

ಮ್ಯಾಕ್ಸೆಂಟಿಯಸ್ ಕೋಟೆಯೊಳಗೇ ಕುಳಿತಿದ್ದರೆ ಕಥೆ ಬೇರೆಯಾಗುತ್ತಿತ್ತು ಎಂದು ನಮಗನಿಸುತ್ತದೆ. ಹಿಂದೆ ಬಂದ ಇಬ್ಬರು ವೈರಿಗಳನ್ನು ಅವನು ಹಾಗೆಯೇ ಸೋಲಿಸಿದ್ದ. ಆದರೆ ಈ ಬಾರಿ ಅಕ್ಟೋಬರ್ 28ರಂದು, ತಾನು ಪಟ್ಟಕ್ಕೇರಿದ ದಿನವೇ, ಟೈಬರ್ ನದಿ ದಾಟಿ ಹೊರಬಂದ. ಮಿಲ್ವಿಯನ್ ಸೇತುವೆಯ ಬಳಿ ಅವನ ಸೇನೆ ಮುರಿದುಬಿತ್ತು; ಅವನು ನದಿಯಲ್ಲಿ ಮುಳುಗಿ ಸತ್ತ. ಯುದ್ಧಕ್ಕೆ ಮುನ್ನ ಕಾನ್‌ಸ್ಟಂಟೈನನಿಗೆ ಕನಸಿನಲ್ಲಿ ಕ್ರಿಸ್ತರ ಚಿಹ್ನೆಯ ಆದೇಶವಾಯಿತೆಂದು ಲ್ಯಾಕ್ಟಾಂಟಿಯಸ್ ಬರೆದರೆ, ಆಕಾಶದಲ್ಲಿ ಬೆಳಕಿನ ಶಿಲುಬೆ ಕಂಡಿತೆಂದು ಬಹಳ ವರ್ಷಗಳ ನಂತರ ಧರ್ಮಾಧ್ಯಕ್ಷ ಯೂಸೇಬಿಯಸ್ ಬರೆದರು.

313ರಲ್ಲಿ ಪೂರ್ವದ ಅರಸ ಲಿಸೀನಿಯಸ್ ಜೊತೆ ಮಿಲಾನಿನಲ್ಲಿ ಒಪ್ಪಂದವಾಯಿತು. ಕ್ರೈಸ್ತರಿಗೂ ಉಳಿದೆಲ್ಲರಿಗೂ ಆರಾಧನೆಯ ಸ್ವಾತಂತ್ರ್ಯ ದೊರೆಯಿತು. ಆದರೆ ಇಬ್ಬರ ಸ್ನೇಹ ಬಾಳಲಿಲ್ಲ. ಲಿಸೀನಿಯಸ್ ಮತ್ತೆ ಕ್ರೈಸ್ತರ ಮೇಲೆ ತಿರುಗಿಬಿದ್ದ. 324ರ ಜುಲೈ 3ರಂದು ಏಡ್ರಿಯಾನೋಪಲ್‌ನಲ್ಲಿ ಸೋತು ಬೈಜಾಂಟಿಯಮ್ ಕೋಟೆ ಸೇರಿದ. ಸಮುದ್ರದ ದಾರಿ ತೆರೆದಿರುವ ತನಕ ಆ ಕೋಟೆಯನ್ನು ಹಿಡಿಯುವಂತಿರಲಿಲ್ಲ. ಆ ದಾರಿ ಮುಚ್ಚಿದವನು ಕಾನ್‌ಸ್ಟಂಟೈನನ ಹಿರಿಯ ಮಗ ಕ್ರಿಸ್ಪಸ್. ಕಡಿಮೆ ಹಡಗುಗಳಿಂದಲೇ ಆ ಯುವಕ ಹೆಲೆಸ್ಪಾಂಟ್ ಜಲಸಂಧಿಯಲ್ಲಿ ವೈರಿಯ ದೊಡ್ಡ ನೌಕಾದಳವನ್ನು ನಾಶಮಾಡಿದ. ಸೆಪ್ಟೆಂಬರ್ 18ರಂದು ಕ್ರೈಸೋಪೊಲಿಸ್‌ನಲ್ಲಿ ಎಲ್ಲವೂ ಮುಗಿಯಿತು. ಪ್ರಾಣದಾನ ಪಡೆದಿದ್ದ ಲಿಸೀನಿಯಸನನ್ನು ಮರುವರ್ಷ ಕೊಲ್ಲಿಸಲಾಯಿತು.

ಆ 325ರಲ್ಲೇ ನೈಸಿಯಾದ ಮಹಾಸಭೆ ಕೂಡಿತು. ನಾವು ಭಾನುವಾರ ಹೇಳುವ ವಿಶ್ವಾಸ ಸಂಗ್ರಹದ ಬೇರು ಅಲ್ಲಿದೆ. ಅದಾಗಿ ಒಂದೇ ವರ್ಷಕ್ಕೆ, ಅಂದರೆ 326ರಲ್ಲಿ, ಕಾನ್‌ಸ್ಟಂಟೈನ್ ತನ್ನ ಮಗ ಕ್ರಿಸ್ಪಸನನ್ನೇ ಕೊಲ್ಲಿಸಿದ. ಅನಂತರ ಪತ್ನಿ ಫೌಸ್ಟಾಳನ್ನೂ. ಶಾಸನಗಳಿಂದ ಮಗನ ಹೆಸರನ್ನು ಕೆತ್ತಿ ಅಳಿಸಲಾಯಿತು. ಚಕ್ರವರ್ತಿಯ ಜೀವನ ಚರಿತ್ರೆ ಬರೆದ ಯೂಸೇಬಿಯಸ್ ಅದರಲ್ಲಿ ಕ್ರಿಸ್ಪಸನ ಹೆಸರನ್ನೇ ಎತ್ತಲಿಲ್ಲ. ಆ ಮೌನ ನಮ್ಮನ್ನು ಇಂದಿಗೂ ಕಾಡುತ್ತದೆ.

ಧರ್ಮಸಭೆಗೆ ಇಷ್ಟೆಲ್ಲ ಮಾಡಿದವನು ಸ್ನಾನದೀಕ್ಷೆ ಪಡೆದದ್ದು ಮರಣಶಯ್ಯೆಯಲ್ಲಿ. 337ರ ಮೇ 22, ಪಂಚಾಶತ್ತಮದ ಹಬ್ಬದಂದು ತೀರಿಕೊಂಡ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಮೇ 21ರಂದು ತಾಯಿ ಮಗ ಇಬ್ಬರನ್ನೂ ಸಂತರೆಂದು ಗೌರವಿಸುತ್ತವೆ. ನಮ್ಮ ಲ್ಯಾಟಿನ್ ಸಭೆಯಲ್ಲಿ ಆಗಸ್ಟ್ 18ರಂದು ಸಂತ ಹೆಲೆನಾರ ಸ್ಮರಣೆಯಷ್ಟೇ ಇದೆ.