ರಾಬರ್ಟ್ ಓವನ್

ರಾಬರ್ಟ್ ಓವನ್ (ಮೇ 14, 1771 – ನವೆಂಬರ್ 17, 1858) ವೇಲ್ಸ್ ಮೂಲದ ಗಿರಣಿ ಉದ್ಯಮಿ, ಶಿಕ್ಷಣ ಚಿಂತಕ ಹಾಗೂ ಸಮಾಜ ಸುಧಾರಕರು. ಸ್ಕಾಟ್ಲೆಂಡಿನ ನ್ಯೂ ಲ್ಯಾನರ್ಕ್ ಹತ್ತಿ ಗಿರಣಿಯಲ್ಲಿ ಕಾರ್ಮಿಕರ ದುಡಿಮೆಯ ಅವಧಿ, ವಸತಿ, ಆರೋಗ್ಯ ಮತ್ತು ಅವರ ಮಕ್ಕಳ ವಿದ್ಯಾಭ್ಯಾಸವನ್ನು ಸುಧಾರಿಸಿ, ಹಾಗೆ ಮಾಡಿಯೂ ಲಾಭ ಗಳಿಸಬಹುದೆಂದು ತೋರಿಸಿಕೊಟ್ಟವರೆಂದು ಪ್ರಸಿದ್ಧರಾಗಿದ್ದಾರೆ. ಬ್ರಿಟನ್ನಿನ ಸಹಕಾರ ಚಳುವಳಿಯ ಮೂಲಪುರುಷರಲ್ಲಿ ಇವರನ್ನು ಎಣಿಸಲಾಗುತ್ತದೆ. ಸಿಬ್ಬಂದಿ ನಿರ್ವಹಣೆಯ ಇತಿಹಾಸವನ್ನು ಬರೆಯುವವರೂ ಸಾಮಾನ್ಯವಾಗಿ ಇವರಿಂದಲೇ ಆರಂಭಿಸುತ್ತಾರೆ.

ಬಾಲ್ಯ ಮತ್ತು ಆರಂಭಿಕ ಜೀವನ

ಓವನ್ನರು ವೇಲ್ಸ್‌ನ ಮಾಂಟ್‌ಗೊಮರಿ ಸೀಮೆಯ ನ್ಯೂಟೌನ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದರು. ತಂದೆ ಕುದುರೆಯ ಜೀನು ತಯಾರಿಸುವುದರ ಜೊತೆಗೆ ಕಬ್ಬಿಣದ ಸಾಮಾನಿನ ವ್ಯಾಪಾರವನ್ನೂ ಊರಿನ ಅಂಚೆಯ ಕೆಲಸವನ್ನೂ ನೋಡಿಕೊಳ್ಳುತ್ತಿದ್ದರು. ಏಳು ಮಕ್ಕಳಲ್ಲಿ ಆರನೆಯವರಾದ ಓವನ್ನರ ಶಾಲಾ ಶಿಕ್ಷಣ ಹತ್ತನೆಯ ವಯಸ್ಸಿನೊಳಗೇ ಮುಗಿಯಿತು. ಅನಂತರ ಲಿಂಕನ್‌ಷೈರಿನ ಸ್ಟ್ಯಾಮ್‌ಫರ್ಡ್‌ನಲ್ಲಿ ಬಟ್ಟೆ ವ್ಯಾಪಾರಿಯೊಬ್ಬರ ಬಳಿ ಕೆಲಸ ಕಲಿತರು. ಯಜಮಾನರ ಮನೆಯಲ್ಲಿದ್ದ ಪುಸ್ತಕಗಳನ್ನು ಬಿಡುವಿನ ವೇಳೆಯಲ್ಲಿ ಓದುವ ಅವಕಾಶ ದೊರೆತದ್ದು ಅವರ ಪಾಲಿಗೆ ಎರಡನೆಯ ಶಾಲೆಯಂತಾಯಿತು. ಮುಂದೆ ಲಂಡನ್ನಿನಲ್ಲಿಯೂ ಮ್ಯಾಂಚೆಸ್ಟರಿನಲ್ಲಿಯೂ ಬಟ್ಟೆ ಅಂಗಡಿಗಳಲ್ಲಿ ದುಡಿದರು.

ಸುಮಾರು ಇಪ್ಪತ್ತನೆಯ ವಯಸ್ಸಿನಲ್ಲಿ ಪೀಟರ್ ಡ್ರಿಂಕ್‌ವಾಟರ್ ಎಂಬವರ ಮ್ಯಾಂಚೆಸ್ಟರ್ ಗಿರಣಿಯ ವ್ಯವಸ್ಥಾಪಕರಾದರು. ಅಲ್ಲಿ ಸುಮಾರು 500 ಮಂದಿ ಕೆಲಸಗಾರರಿದ್ದರು. ಆತ್ಮಕಥೆಯಲ್ಲಿ ಓವನ್ನರೇ ಹೇಳಿಕೊಂಡಿರುವಂತೆ, ಮೊದಲ ಆರು ವಾರಗಳ ಕಾಲ ಅವರು ಯಾರಿಗೂ ನೇರವಾಗಿ ಆಜ್ಞೆ ಮಾಡಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ರಾತ್ರಿ ಬಾಗಿಲು ಹಾಕಿದ ಮೇಲೆ ಹೊರಟು, ಪ್ರತಿಯೊಂದು ವಿಭಾಗದ ಕೆಲಸವನ್ನು ಸುಮ್ಮನೆ ಗಮನಿಸಿದರು. ಕೆಲಸವನ್ನು ಅರಿತ ಮೇಲೆಯೇ ಬದಲಾವಣೆ ತರಬೇಕೆಂಬ ಈ ಕ್ರಮವನ್ನು ಅವರು ಮುಂದೆಯೂ ಅನುಸರಿಸಿದರು.

ನ್ಯೂ ಲ್ಯಾನರ್ಕ್

ಕ್ಲೈಡ್ ನದಿಯ ಜಲಪಾತಗಳ ಬಳಿ ನ್ಯೂ ಲ್ಯಾನರ್ಕ್ ಗಿರಣಿಗಳನ್ನು 1780ರ ದಶಕದಲ್ಲಿ ಗ್ಲಾಸ್ಗೋದ ಉದ್ಯಮಿ ಡೇವಿಡ್ ಡೇಲ್ ಸ್ಥಾಪಿಸಿದ್ದರು. ಓವನ್ನರು ತಮ್ಮ ಪಾಲುದಾರರೊಡನೆ ಸೇರಿ ಅವುಗಳನ್ನು 60,000 ಪೌಂಡುಗಳಿಗೆ ಕೊಂಡರು. 1799ರಲ್ಲಿ ಡೇಲ್ ಅವರ ಮಗಳು ಕ್ಯಾರೊಲೈನ್‌ರನ್ನು ವಿವಾಹವಾದರು. 1800ರ ಜನವರಿಯಲ್ಲಿ ಗಿರಣಿಯ ಆಡಳಿತವನ್ನು ಕೈಗೆತ್ತಿಕೊಂಡರು.

ಆಗ ಆ ಗ್ರಾಮದಲ್ಲಿ ಸುಮಾರು ಎರಡು ಸಾವಿರ ಜನರಿದ್ದರು. ಅವರಲ್ಲಿ ಸುಮಾರು 500 ಮಂದಿ ಎಡಿನ್‌ಬರೋ ಮತ್ತು ಗ್ಲಾಸ್ಗೋ ನಗರಗಳ ಅನಾಥಾಲಯಗಳಿಂದ ಕರೆತಂದ ಬಡಮಕ್ಕಳು. ಡೇಲ್ ಅವರು ಆ ಮಕ್ಕಳಿಗೆ ಒಳ್ಳೆಯ ಊಟವನ್ನೂ ಪಾಠವನ್ನೂ ಒದಗಿಸಿದ್ದರಾದರೂ, ದಿನವಿಡೀ ದುಡಿದು ದಣಿದ ಮಕ್ಕಳಿಗೆ ರಾತ್ರಿಯ ಪಾಠ ತಲೆಗೆ ಹತ್ತುತ್ತಿರಲಿಲ್ಲ. ಓವನ್ನರು ಹೀಗೆ ಮಕ್ಕಳನ್ನು ತರಿಸಿಕೊಳ್ಳುವುದನ್ನು ನಿಲ್ಲಿಸಿದರು. ಹತ್ತು ವರ್ಷಕ್ಕಿಂತ ಕಿರಿಯರನ್ನು ಕೆಲಸಕ್ಕೆ ತೆಗೆದುಕೊಳ್ಳಬಾರದೆಂಬ ನಿಯಮವನ್ನೂ ಜಾರಿಗೆ ತಂದರು.

ಸುಧಾರಣೆಗಳು

ಗಿರಣಿಯ ಅಂಗಡಿಯಲ್ಲಿ ಉತ್ತಮ ಗುಣಮಟ್ಟದ ಪದಾರ್ಥಗಳನ್ನು ಅಸಲಿಗಿಂತ ತುಸುವೇ ಹೆಚ್ಚಿನ ಬೆಲೆಗೆ ಮಾರುವ ಏರ್ಪಾಡಾಯಿತು. ಅದರಿಂದ ಬಂದ ಲಾಭವನ್ನು ಶಾಲೆಗೆ ವಿನಿಯೋಗಿಸಲಾಯಿತು. ಕಾರ್ಮಿಕರು ತಮ್ಮ ವೇತನದ ಅರವತ್ತನೆಯ ಒಂದು ಭಾಗವನ್ನು ಸಲ್ಲಿಸುವ ನಿಧಿಯಿಂದ ರೋಗಿಗಳಿಗೂ ವೃದ್ಧರಿಗೂ ನೆರವು ಸಿಗುತ್ತಿತ್ತು. 1816ರ ವೇಳೆಗೆ ಊಟದ ಬಿಡುವನ್ನು ಕಳೆದು ದುಡಿಮೆಯ ಅವಧಿ ದಿನಕ್ಕೆ ಹತ್ತೂಮುಕ್ಕಾಲು ಗಂಟೆಗೆ ಇಳಿದಿತ್ತು. ಇತರ ಗಿರಣಿಗಳಲ್ಲಿ ಹದಿಮೂರು, ಹದಿನಾಲ್ಕು ಗಂಟೆಗಳ ದುಡಿಮೆ ಸಾಮಾನ್ಯವಾಗಿದ್ದ ಕಾಲವದು.

ಹೊರಗಿನಿಂದ ಬಂದ ಈ ಹೊಸ ಯಜಮಾನರನ್ನು ಕಾರ್ಮಿಕರು ಮೊದಲಿಗೆ ನಂಬಲಿಲ್ಲ. ಅಮೆರಿಕವು ತನ್ನ ಬಂದರುಗಳಿಂದ ಸರಕು ಸಾಗಣೆಯನ್ನು ನಿರ್ಬಂಧಿಸಿದಾಗ ಹತ್ತಿಯ ಬೆಲೆ ಏರಿ, ಗಿರಣಿಯ ಯಂತ್ರಗಳನ್ನು ನಾಲ್ಕು ತಿಂಗಳ ಕಾಲ ನಿಲ್ಲಿಸಬೇಕಾಯಿತು. ಆಗ ಓವನ್ನರು ಯಾರನ್ನೂ ಕೆಲಸದಿಂದ ತೆಗೆಯದೆ, ಯಂತ್ರಗಳನ್ನು ಶುಚಿಯಾಗಿಡುವ ಕೆಲಸವನ್ನಷ್ಟೇ ವಹಿಸಿ ಪೂರ್ಣ ವೇತನ ನೀಡಿದರು. ಇದಕ್ಕೆ 7,000 ಪೌಂಡುಗಳಿಗಿಂತ ಹೆಚ್ಚು ವೆಚ್ಚವಾಯಿತು. ಅವರ ಮೇಲಿನ ಅಪನಂಬಿಕೆ ನೀಗಿದ್ದು ಈ ಘಟನೆಯ ನಂತರವೇ.

ಮೌನ ಸೂಚಕ

ಶಿಸ್ತಿಗಾಗಿ ಹೊಡೆತ, ಬೈಗುಳಗಳನ್ನು ಬಳಸುವುದು ಓವನ್ನರಿಗೆ ಒಪ್ಪಿಗೆಯಿರಲಿಲ್ಲ. ಅದಕ್ಕೆ ಬದಲಾಗಿ ಅವರು ಮೌನ ಸೂಚಕ ಎಂಬ ಸಾಧನವನ್ನು ಬಳಕೆಗೆ ತಂದರು. ಇದು ನಾಲ್ಕು ಮುಖಗಳುಳ್ಳ ಮರದ ಸಣ್ಣ ತುಂಡು. ಪ್ರತಿಯೊಬ್ಬರ ಕೆಲಸದ ಜಾಗದಲ್ಲಿ ಅದನ್ನು ತೂಗುಹಾಕಿ, ಹಿಂದಿನ ದಿನದ ನಡತೆಗೆ ಅನುಗುಣವಾಗಿ ಒಂದು ಮುಖವನ್ನು ಎದುರಿಗೆ ಬರುವಂತೆ ತಿರುಗಿಸಲಾಗುತ್ತಿತ್ತು. ಕಪ್ಪು ಕೆಟ್ಟದ್ದನ್ನೂ ನೀಲಿ ಸಾಧಾರಣವನ್ನೂ ಹಳದಿ ಒಳ್ಳೆಯದನ್ನೂ ಬಿಳಿ ಅತ್ಯುತ್ತಮವನ್ನೂ ಸೂಚಿಸುತ್ತಿದ್ದವು. ದಿನದಿನದ ಬಣ್ಣವನ್ನು ಪುಸ್ತಕದಲ್ಲಿ ದಾಖಲಿಸಲಾಗುತ್ತಿತ್ತು. ತನಗೆ ಅನ್ಯಾಯವಾಗಿದೆ ಎನಿಸಿದ ಕಾರ್ಮಿಕನು ಓವನ್ನರಲ್ಲಿ ದೂರು ಸಲ್ಲಿಸಬಹುದಿತ್ತು.

ಶಿಕ್ಷಣ

1816ರ ಜನವರಿ 1ರಂದು ನ್ಯೂ ಲ್ಯಾನರ್ಕ್‌ನಲ್ಲಿ ಶೀಲ ರೂಪಣ ಸಂಸ್ಥೆ ಆರಂಭವಾಯಿತು. ನಡೆಯಲು ಕಲಿತ ಪುಟ್ಟ ಮಕ್ಕಳಿಗೂ ಇಲ್ಲಿ ಶಿಶುಶಾಲೆ ಇತ್ತು. ಬಹುಮಾನವಾಗಲೀ ದಂಡನೆಯಾಗಲೀ ಇರಲಿಲ್ಲ. ಭೂಪಟ, ಪ್ರಾಣಿ ಸಸ್ಯಗಳ ಚಿತ್ರ, ಹಾಡು ಮತ್ತು ನೃತ್ಯಗಳ ಮೂಲಕ ಪಾಠ ನಡೆಯುತ್ತಿತ್ತು. ದುಡಿಯುವ ವಯಸ್ಕರಿಗೆ ಸಂಜೆಯ ತರಗತಿಗಳಿದ್ದವು. ಮನುಷ್ಯನ ಸ್ವಭಾವವು ಅವನು ಬೆಳೆಯುವ ಪರಿಸರದಿಂದ ರೂಪುಗೊಳ್ಳುತ್ತದೆ, ಆದ್ದರಿಂದ ಪರಿಸರವನ್ನು ತಿದ್ದದೆ ವ್ಯಕ್ತಿಯನ್ನು ದೂಷಿಸುವುದು ಸಲ್ಲದು ಎಂಬುದು ಅವರ ವಾದ. 1813ರಿಂದ ಪ್ರಕಟವಾದ ಸಮಾಜದ ಹೊಸ ನೋಟ ಎಂಬ ಪ್ರಬಂಧಗಳಲ್ಲಿ ಇದನ್ನು ಪ್ರತಿಪಾದಿಸಿದರು. ಯಂತ್ರಗಳ ಪೋಷಣೆಗೆ ಹಣ ಸುರಿಯುವ ಗಿರಣಿ ಮಾಲೀಕರು ಜೀವವಿರುವ ದುಡಿಮೆಗಾರರ ಬಗ್ಗೆ ಅಷ್ಟೇ ಕಾಳಜಿ ತೋರಿದರೆ ಅದರ ಫಲ ಇನ್ನೂ ಹೆಚ್ಚೆಂದು ಅದರಲ್ಲಿ ಲೆಕ್ಕಾಚಾರದ ಭಾಷೆಯಲ್ಲಿಯೇ ವಿವರಿಸಿದರು.

ಶಾಸನಕ್ಕಾಗಿ ಪ್ರಯತ್ನ

ಒಂದು ಗಿರಣಿಯ ಸುಧಾರಣೆ ಸಾಲದೆಂದು ಅರಿತ ಓವನ್ನರು 1815ರಿಂದ ಶಾಸನಕ್ಕಾಗಿ ಹೋರಾಡಿದರು. 1819ರಲ್ಲಿ ಅಂಗೀಕಾರವಾದ ಕಾಯಿದೆ ಹತ್ತಿ ಗಿರಣಿಗಳಲ್ಲಿ ಒಂಬತ್ತು ವರ್ಷಕ್ಕಿಂತ ಕಿರಿಯರ ದುಡಿಮೆಯನ್ನು ನಿಷೇಧಿಸಿತು. ಹದಿನಾರು ವರ್ಷದೊಳಗಿನವರ ದುಡಿಮೆಯನ್ನು ದಿನಕ್ಕೆ ಹನ್ನೆರಡು ಗಂಟೆಗೆ ಮಿತಿಗೊಳಿಸಿತು. ಆದರೆ ಪರಿಣಾಮಕಾರಿಯಾದ ತಪಾಸಣೆಯ ವ್ಯವಸ್ಥೆ ಅದರಲ್ಲಿರಲಿಲ್ಲ. ತಾವು ಕೇಳಿದ್ದಕ್ಕಿಂತ ಬಹಳ ದುರ್ಬಲವಾಗಿದ್ದ ಈ ಕಾಯಿದೆಯಿಂದ ಓವನ್ನರು ನಿರಾಶರಾದರು.

ನಂತರದ ಪ್ರಯೋಗಗಳು

1825ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ನ್ಯೂ ಹಾರ್ಮನಿ ಎಂಬ ಗ್ರಾಮವನ್ನು ಕೊಂಡು, ಆಸ್ತಿ ಮತ್ತು ದುಡಿಮೆಯನ್ನು ಹಂಚಿಕೊಂಡು ಬಾಳುವ ಸಮುದಾಯವನ್ನು ಕಟ್ಟಲು ಹೊರಟರು. ಬಂದು ಸೇರಿದವರಲ್ಲಿ ಒಮ್ಮತವಿಲ್ಲದೆ, ಬೇಕಾದ ಕಸುಬುದಾರರು ಸಾಲದೆ ಆ ಪ್ರಯೋಗ ಎರಡೇ ವರ್ಷಗಳಲ್ಲಿ ಕುಸಿಯಿತು. ಓವನ್ನರ ಸಂಪತ್ತಿನ ದೊಡ್ಡ ಭಾಗ ಅದರಲ್ಲಿ ಕರಗಿತು. ಶಾಲೆಯ ನೃತ್ಯ, ಸಂಗೀತ ಮತ್ತು ಧಾರ್ಮಿಕ ಬೋಧನೆಯ ವಿಷಯದಲ್ಲಿ ಪಾಲುದಾರರೊಡನೆ ಉಂಟಾಗಿದ್ದ ಭಿನ್ನಾಭಿಪ್ರಾಯದಿಂದ ನ್ಯೂ ಲ್ಯಾನರ್ಕ್‌ನೊಂದಿಗಿನ ಸಂಬಂಧವೂ ಕಡಿದುಹೋಯಿತು.

1832ರಲ್ಲಿ ಲಂಡನ್ನಿನಲ್ಲಿ ದುಡಿಮೆಯ ಗಂಟೆಗಳನ್ನೇ ಬೆಲೆಯಾಗಿ ನಮೂದಿಸಿದ ಚೀಟಿಗಳಿಂದ ಸರಕು ವಿನಿಮಯ ನಡೆಸುವ ಕೇಂದ್ರವನ್ನು ತೆರೆದರು. 1834ರಲ್ಲಿ ವಿವಿಧ ಕಸುಬುಗಳ ಕಾರ್ಮಿಕರನ್ನು ಒಗ್ಗೂಡಿಸುವ ರಾಷ್ಟ್ರೀಯ ಸಂಘದ ಮುಂದಾಳಾದರು. ಎರಡೂ ಬಹುಕಾಲ ಬಾಳಲಿಲ್ಲ. ಆದರೆ ಅವರ ವಿಚಾರಗಳಿಂದ ಪ್ರೇರಿತರಾದವರೂ ಸೇರಿ 1844ರಲ್ಲಿ ರಾಚ್‌ಡೇಲ್ ಪಟ್ಟಣದಲ್ಲಿ ಆರಂಭಿಸಿದ ಸಹಕಾರಿ ಅಂಗಡಿಯು ಮುಂದೆ ಜಗತ್ತಿನ ಸಹಕಾರ ಸಂಘಗಳಿಗೆ ಮಾದರಿಯಾಯಿತು.

ವಿಮರ್ಶೆ

ಓವನ್ನರ ಆಡಳಿತವು ತಂದೆ ಮಕ್ಕಳನ್ನು ನೋಡಿಕೊಳ್ಳುವ ರೀತಿಯದಾಗಿತ್ತೆಂಬುದು ವಿಮರ್ಶಕರ ಮುಖ್ಯ ಆಕ್ಷೇಪ. ಮನೆಗಳ ಶುಚಿತ್ವವನ್ನು ಪರಿಶೀಲಿಸಲು ತಂಡಗಳು ಬಂದಾಗ ಗೃಹಿಣಿಯರು ಅಸಮಾಧಾನಗೊಂಡಿದ್ದರು. ಕಾರ್ಮಿಕರ ಹಿತ ಯಾವುದೆಂದು ಓವನ್ನರು ನಿರ್ಧರಿಸುತ್ತಿದ್ದರೇ ಹೊರತು, ಗಿರಣಿಯ ಆಡಳಿತದಲ್ಲಿ ಅವರಿಗೆ ಪಾಲಿರಲಿಲ್ಲ. ಮೌನ ಸೂಚಕವು ದೈಹಿಕ ಶಿಕ್ಷೆಯನ್ನು ತಪ್ಪಿಸಿತಾದರೂ, ಪ್ರತಿಯೊಬ್ಬರ ನಡತೆಯನ್ನು ಎಲ್ಲರ ಕಣ್ಣೆದುರು ತೂಗುಹಾಕಿತು. ಅಮೆರಿಕದ ತೋಟಗಳಲ್ಲಿ ಗುಲಾಮರು ಬೆಳೆದ ಹತ್ತಿಯು ಆ ಕಾಲದ ಬ್ರಿಟಿಷ್ ಗಿರಣಿಗಳ ಲಾಭಕ್ಕೆ ಆಧಾರವಾಗಿತ್ತೆಂಬುದನ್ನೂ ಮರೆಯುವಂತಿಲ್ಲ. ಉದ್ಯೋಗಿಗಳ ಕೆಲಸವನ್ನು ಯಂತ್ರಗಳು ಕ್ಷಣಕ್ಷಣವೂ ಅಳೆಯುತ್ತಿರುವ ಇಂದು, ಕಾಳಜಿ ಎಲ್ಲಿ ಮುಗಿಯುತ್ತದೆ, ಕಾವಲು ಎಲ್ಲಿ ಆರಂಭವಾಗುತ್ತದೆ ಎಂಬ ಪ್ರಶ್ನೆ ಓವನ್ನರ ಜೀವನವನ್ನು ಓದುವವರಿಗೆ ಎದುರಾಗುತ್ತದೆ.

ಕೊನೆಯ ದಿನಗಳು ಮತ್ತು ಸ್ಮರಣೆ

1857ರಲ್ಲಿ ಓವನ್ನರ ಆತ್ಮಕಥೆಯ ಮೊದಲ ಸಂಪುಟ ಪ್ರಕಟವಾಯಿತು. ಮರುವರ್ಷ, ತಮ್ಮ 87ನೆಯ ವಯಸ್ಸಿನಲ್ಲಿ, ಹುಟ್ಟೂರಾದ ನ್ಯೂಟೌನ್‌ನಲ್ಲಿಯೇ ನಿಧನರಾದರು. ಅಲ್ಲಿನ ಹಳೆಯ ಸೇಂಟ್ ಮೇರಿ ಚರ್ಚಿನ ಆವರಣದಲ್ಲಿ ಅವರ ಸಮಾಧಿಯಿದೆ. ಅಮೆರಿಕದಲ್ಲಿ ನೆಲೆಸಿದ ಮಕ್ಕಳಲ್ಲಿ ರಾಬರ್ಟ್ ಡೇಲ್ ಓವನ್ ಸಂಸತ್ ಸದಸ್ಯರಾಗಿ ಸ್ಮಿತ್‌ಸೋನಿಯನ್ ಸಂಸ್ಥೆಯ ಸ್ಥಾಪನೆಗೆ ದುಡಿದರು. ಡೇವಿಡ್ ಡೇಲ್ ಓವನ್ ಹೆಸರಾಂತ ಭೂವಿಜ್ಞಾನಿಯಾದರು. ನ್ಯೂ ಲ್ಯಾನರ್ಕ್ ಗಿರಣಿಗಳು 1968ರವರೆಗೆ ಕೆಲಸ ಮಾಡಿದವು. 2001ರಲ್ಲಿ ಯುನೆಸ್ಕೋ ಆ ಗ್ರಾಮವನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು.