ಡಾ. ಯಲ್ಲಾಪ್ರಗಡ ಸುಬ್ಬರಾವ್ (1895–1948)

ರಕ್ತಕ್ಯಾನ್ಸರ್ ಚಿಕಿತ್ಸೆಗೆ ದಾರಿ ತೆರೆದ ಭಾರತೀಯ ವಿಜ್ಞಾನಿಯ ಜೀವನ ಪರಿಚಯವನ್ನು ಉಡುಪಿ ಜಿಲ್ಲೆಯ ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಶ್ರೀಯುತರು 1895ರ ಜನವರಿ 12ರಂದು ಭೀಮಾವರಂನಲ್ಲಿ ಜನಿಸಿದರು. ಉಡುಪಿ, ಕಾರ್ಕಳಗಳಂತೆ ಆ ಊರೂ ಅಂದು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಖಾದಿ ಧರಿಸಿ ಪ್ರಾಧ್ಯಾಪಕರ ಅಸಮಾಧಾನಕ್ಕೆ ಗುರಿಯಾದ ಅವರಿಗೆ ಪೂರ್ಣ ಪದವಿಯ ಬದಲು ಕೆಳದರ್ಜೆಯ ಅರ್ಹತಾಪತ್ರವಷ್ಟೇ ದೊರೆಯಿತು. ಸ್ಪ್ರೂ ಎಂಬ ಕರುಳಿನ ಕಾಯಿಲೆಯು ಅವರ ಸಹೋದರರನ್ನು ಬಲಿ ತೆಗೆದುಕೊಂಡಿತು. ಅವರು 1920ರ ದಶಕದ ಆರಂಭದಲ್ಲಿ ಅಮೆರಿಕಕ್ಕೆ ತೆರಳಿ ಹಾರ್ವರ್ಡ್‌ನಲ್ಲಿ ಸಂಶೋಧನೆ ಕೈಗೊಂಡರು. 1940ರಲ್ಲಿ ಲೆಡರ್ಲೆ ಪ್ರಯೋಗಾಲಯವನ್ನು ಸೇರಿದರು.

ಅಲ್ಲಿ ಅವರ ತಂಡವು ಸ್ಪ್ರೂ ಕಾಯಿಲೆಗೂ ಮದ್ದಾದ ಫೋಲಿಕ್ ಆಮ್ಲವನ್ನು ತಯಾರಿಸಿತು. ಕೆಂಪು ರಕ್ತಕಣಗಳ ಉತ್ಪತ್ತಿಗೆ ಈ ಆಮ್ಲವು ಅವಶ್ಯಕ. ಗರ್ಭಸ್ಥ ಶಿಶುವಿನಲ್ಲಿ ಗುಲ್ಮವೂ ಕೆಂಪುಕಣಗಳನ್ನು ಉತ್ಪಾದಿಸುತ್ತದೆ. ಜನನದ ನಂತರ ಆ ಕಾರ್ಯವನ್ನು ಅಸ್ಥಿಮಜ್ಜೆಯು ನಿರ್ವಹಿಸುತ್ತದೆ. ಸುಮಾರು 120 ದಿನ ಬಾಳಿದ ಹಳೆಯ ಕಣಗಳನ್ನು ತೆಗೆದುಹಾಕುವುದು ಗುಲ್ಮದ ಕೆಲಸವಾಗುತ್ತದೆ. ಲ್ಯುಕೇಮಿಯಾದಲ್ಲಿ ರೋಗಗ್ರಸ್ತ ಕಣಗಳು ಮಜ್ಜೆಯನ್ನು ಆಕ್ರಮಿಸುವುದರಿಂದ ರಕ್ತಹೀನತೆ ಉಂಟಾಗುತ್ತದೆ. ಅವು ಗುಲ್ಮವನ್ನೂ ತುಂಬಿ ಊದಿಸಬಹುದು. ಊದಿದ ಗುಲ್ಮವು ಕೆಂಪುಕಣಗಳನ್ನು ಹಿಡಿದಿಟ್ಟು ನಾಶಪಡಿಸುತ್ತದೆ. ಕೆಲವರಲ್ಲಿ ಅದು ಮತ್ತೆ ರಕ್ತಕಣ ಉತ್ಪಾದಿಸಿದರೂ ಕೊರತೆ ನೀಗುವುದಿಲ್ಲ.

ರೋಗಗ್ರಸ್ತ ಕಣಗಳ ವೃದ್ಧಿಗೂ ಫೋಲಿಕ್ ಆಮ್ಲ ಬೇಕಾದುದರಿಂದ ಅದನ್ನು ತಡೆಯುವ ಅಮೈನೋಪ್ಟೆರಿನ್ ಔಷಧವನ್ನು ತಂಡವು ಒದಗಿಸಿತು. ಬೋಸ್ಟನ್‌ನ ಡಾ. ಸಿಡ್ನಿ ಫಾರ್ಬರ್ ಅವರು 1948ರಲ್ಲಿ ಪ್ರಕಟಿಸಿದ ವರದಿಯಂತೆ, ಇದನ್ನು ಪಡೆದ 16 ಮಕ್ಕಳಲ್ಲಿ 10 ಮಕ್ಕಳು ತಾತ್ಕಾಲಿಕವಾಗಿ ಚೇತರಿಸಿಕೊಂಡರು. ಊದಿದ ಗುಲ್ಮಗಳು ಕುಗ್ಗಿದವು. ಅದೇ ವರ್ಷದ ಆಗಸ್ಟ್‌ನಲ್ಲಿ ಸುಬ್ಬರಾವ್ ಅವರು ನ್ಯೂಯಾರ್ಕ್‌ನಲ್ಲಿ ನಿಧನರಾದರು. ಅದೇ ವರ್ಗದ ಮೆಥೊಟ್ರೆಕ್ಸೇಟ್ ಇಂದಿಗೂ ಮಕ್ಕಳ ಲ್ಯುಕೇಮಿಯಾ ಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ. ಕರಾವಳಿಯಲ್ಲಿ ಆನೆಕಾಲು ರೋಗ ನಿವಾರಣೆಗೆ ವಿತರಿಸಲಾದ ಡಿ.ಇ.ಸಿ. ಮಾತ್ರೆಯೂ ಅವರ ತಂಡದ ಕೊಡುಗೆಯೇ. 1995ರಲ್ಲಿ ಭಾರತೀಯ ಅಂಚೆ ಇಲಾಖೆಯು ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು.

ಸಾರ್ವಜನಿಕರ ಗಮನಕ್ಕೆ: ಮಕ್ಕಳಲ್ಲಿ ಬಿಳಿಚಿಕೊಳ್ಳುವಿಕೆ, ಬಿಡದ ಜ್ವರ, ಮೈಮೇಲೆ ನೀಲಿ ಕಲೆಗಳು ಅಥವಾ ಎಡಹೊಟ್ಟೆಯ ಮೇಲ್ಭಾಗದಲ್ಲಿ ಊತ ಕಂಡುಬಂದಲ್ಲಿ ತಡಮಾಡದೆ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡಿಸತಕ್ಕದ್ದು. ಕಾಪು, ಕಾರ್ಕಳ ಮುಂತಾದ ತಾಲ್ಲೂಕುಗಳ ರೋಗಿಗಳಿಗೆ ಮಣಿಪಾಲದಲ್ಲಿ ಕ್ಯಾನ್ಸರ್ ಚಿಕಿತ್ಸೆ ಲಭ್ಯವಿದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವು ಕೋರುವವರು ಪಡಿತರ ಚೀಟಿ ಹಾಗೂ ಆಧಾರ್‌ನೊಂದಿಗೆ ಸರ್ಕಾರಿ ಆಸ್ಪತ್ರೆಯನ್ನು ಸಂಪರ್ಕಿಸಲು ಕೋರಲಾಗಿದೆ.